ಮ್ಯಾನೇಜರ ಕೈಯಲ್ಲಿ ನಿಲ್ಲುವ ವಾಚು

ವಾಚಿಗೆ ಹೊಸ ಪಟ್ಟಿ ಹಾಕಿಸಲು ಬಂದ ಟೀಚರಮ್ಮ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಅವರಿಗಿಂತ ಮುಂದೆ ನಿಂತಿದ್ದವರು ಒಬ್ಬ ನಿವೃತ್ತ ಮ್ಯಾನೇಜರು ಮತ್ತು ಅವರ ಹೆಂಡತಿ. ಇನ್ನೊಬ್ಬರ ಮಾತಿಗೆ ಕಿವಿಗೊಡಬಾರದೆಂದು ಮಕ್ಕಳಿಗೆ ದಿನಾ ಹೇಳುವ ಟೀಚರಮ್ಮ ಸ್ಟೂಲನ್ನು ಸ್ವಲ್ಪ ಹತ್ತಿರಕ್ಕೆಳೆದುಕೊಂಡರು.

“ಆಫೀಸಿನವರು ಬೀಳ್ಕೊಡುವಾಗ ಕೊಟ್ಟ ಆಟೋಮ್ಯಾಟಿಕ್ ವಾಚು. ದಿನ ಬಿಟ್ಟು ದಿನ ನಿಂತೋಗುತ್ತೆ,” ಎಂದರು ಮ್ಯಾನೇಜರು.

“ಬೀರುನಲ್ಲಿ ಇಟ್ಟಿರ್ತೀರಾ ಸಾರ್?” ಎಂದ ರಿಪೇರಿಯವನು.

“ಇಲ್ಲಪ್ಪ, ಮೂರು ಹೊತ್ತೂ ಕೈಯಲ್ಲೇ ಇರುತ್ತೆ.”

“ಕೈ ಆಡಿದ್ರೆ ತಾನೇ ಇದಕ್ಕೆ ಕೀ ಆಗೋದು. ಆಡುತ್ತಾ?”

“ಆಡದೆ ಏನು? ರಿಮೋಟ್ ಹಿಡ್ಕೊಂಡೇ ಇರ್ತೀನಿ.”

“ಅದು ಬೆರಳು ಸಾರ್.”

ಹೆಂಡತಿ ಕೆಮ್ಮಿದರು. “ಹೋದ ವಾರ ನಾನು ಕಟ್ಕೊಂಡಿದ್ದೆ. ಒಂದು ನಿಮಿಷಾನೂ ನಿಲ್ಲಲಿಲ್ಲ.”

“ನಿನ್ನ ಕೈಯಲ್ಲಿ ನಡೆಯೋದು ನನ್ನ ಕೈಯಲ್ಲಿ ಯಾಕೆ ನಡೆಯಲ್ಲ?”

ರಿಪೇರಿಯವನು ವಾಚನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದ. “ಕರೆಂಟಿನ ಪೆಟ್ಟಿಗೆ ಬರುತ್ತೆ ಸಾರ್. ಒಳಗಿಟ್ರೆ ಅದೇ ವಾಚನ್ನ ತಿರುಗಿಸ್ತಾ ಇರುತ್ತೆ.”

“ಅದನ್ನೇ ಕೊಡಪ್ಪ.”

“ಮನುಷ್ಯರು ಹಿಡಿಸೋ ಅಳತೆದು ಇದೆಯಾ?” ಎಂದು ಕೇಳಿದರು ಹೆಂಡತಿ.

ಇಲ್ಲವೆಂದಾಗ ಆಕೆ ವಾಚನ್ನು ತಮ್ಮ ಕೈಗೇ ಕಟ್ಟಿಕೊಂಡು, ತರಕಾರಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಮ್ಯಾನೇಜರು ಬರಿಗೈಯನ್ನೂ ಬೀಸದೆ ಹಿಂದೆ ಇಳಿದರು.

“ಗಂಟೆ ಎಷ್ಟೇ?”

“ಹಸಿವಾಯ್ತಾ?”

“ಆಯ್ತು.”

“ಹಾಗಾದ್ರೆ ಬೇಗ ನಡೀರಿ. ಅಡುಗೆಮನೇಲಿ ನನ್ನ ಕೈ ಆಡದಿದ್ರೆ ನಿಮ್ಮ ವಾಚು ನಿಂತೋಗುತ್ತೆ.”