ಅಕ್ಕ, ಉಪ್ಪು ನೋಡಿ

ಸೇರಿರುವ ಎಲ್ಲರಿಗೂ ಶರಣು. ಬೆಟ್ಟಸ್ವಾಮಿಯವರೇ, ಮಗಳು ರಮ್ಯ — ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಚನ್ನಾಜಮ್ಮನವರು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ನಾನು ಅವರ ಕೈ ಅನ್ನ ಉಂಡ ಮೇಷ್ಟ್ರು.

ಅವರ ಪದ್ಧತಿ ನಿಮಗೆಲ್ಲ ಗೊತ್ತು — ಕೊನೆಯ ಮಗು ಕೈ ತೊಳೆಯುವ ತನಕ ತಾವು ತಟ್ಟೆ ಮುಟ್ಟುತ್ತಿರಲಿಲ್ಲ.

ಅಂಥವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ಮೈಸೂರಲ್ಲಿ ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಬೇಕು, ಜೀರ್ಣಕ್ಕೆ ಕೊಟ್ಟ ಕ್ಯಾಪ್ಸೂಲನ್ನು ಮೊದಲ ತುತ್ತಿನ ಜೊತೆಗೇ ನುಂಗಬೇಕು, ತೂಕ ಇಳಿದರೆ ಮೈ ಕೀಮೋ ತಡೆದುಕೊಳ್ಳಲಾರದು — ಡಾಕ್ಟರು ಬಿಡಿಸಿ ಹೇಳಿದ್ದರು. ಇವರು ಮನೆಯಲ್ಲಿ ಕೂರಲಾರದೆ ಶಾಲೆಗೆ ಬಂದು, ಒಲೆ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ತಿನ್ನಿ ಅಂದರೆ — "ಮಕ್ಕಳು ಅಸ್ಕಂಡು ಕುಂತವ, ನಾ ಎಂಗ್ ಉಣ್ಲಿ ಸಾ?"

ಯಜಮಾನರು ಬೆಟ್ಟಸ್ವಾಮಿಯವರು ಕೈ ಮುಗಿದರು, ನಾನು ರೇಗಿದೆ. ಊಹೂಂ. ಸೀರೆ ಮೈಮೇಲೆ ನಿಲ್ಲದಷ್ಟು ಇಳಿದುಹೋದರು.

ದಾರಿ ಕಂಡವರು ಜೊತೆಗೆ ಅಡುಗೆ ಮಾಡುವ ಮಂಗಳಮ್ಮ. ಬಡಿಸುವ ಮುಂಚೆ ಅಡುಗೆಯವರು ರುಚಿ ನೋಡಲೇಬೇಕು, ಅದು ಬಿಸಿಯೂಟದ ನಿಯಮ ತಾನೇ? ತಟ್ಟೆಗೆ ಅನ್ನ ಸಾರು ಹಾಕಿ, ಕ್ಯಾಪ್ಸೂಲ್ ಕೈಗಿಟ್ಟು, "ಅಕ್ಕ, ಉಪ್ಪು ನೋಡಿ" ಅಂದರು. ತಿಂದರು! ಆಮೇಲೆ ನಾವೂ ಹಿಡಿದುಕೊಂಡೆವು. ಬೆಳಗ್ಗೆ ಉಪ್ಪಿಟ್ಟು — ಅಕ್ಕ, ಉಪ್ಪು ನೋಡಿ. ಸಂಜೆ ಮೊಸರನ್ನ — ಅಕ್ಕ, ಉಪ್ಪು ನೋಡಿ. ಒಂದು ದಿನ ನಾನು ರಸಬಾಳೆ ಸುಲಿದು ಕೊಟ್ಟೆ.

"ಬಾಳೆಅಣ್ಣಿಗೂ ಉಪ್ಪು ನೋಡ್ಬೇಕಾ ಸಾ?"

"ನೋಡ್ಬೇಕು" ಅಂದೆ. ನಕ್ಕರು. ನಮ್ಮ ಆಟ ಅವರಿಗೆ ಯಾವತ್ತೋ ಗೊತ್ತಾಗಿತ್ತು. ನಮಗೋಸ್ಕರ ತಿನ್ನುತ್ತಿದ್ದರು.

ತೂಕ ಇಳಿಯುವುದು ನಿಂತಿತು. ಕೀಮೋ ಮುಗಿಯಿತು. ಗೆದ್ದೆವು ಅಂದುಕೊಂಡೆವು — ಇಲ್ಲ. ಕಾಯಿಲೆ ತಿರುಗಿ ಬಂತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ ಕಣ್ರೀ. ಅಷ್ಟು ಕಷ್ಟಪಟ್ಟು ತಿಂದರಲ್ಲ!

ಕೊನೆಗೆ ನಾವು ಅವರ ಮನೆಗೆ ಹೋದಾಗ ಮಂಗಳಮ್ಮ ಹಾಸಿಗೆ ಪಕ್ಕ ಕೂತು, ಒಂದು ಚಮಚ ಗಂಜಿ ಹಿಡಿದು, "ಅಕ್ಕ, ಉಪ್ಪು ನೋಡಿ" ಅಂದರು. ನಾಲಿಗೆಗೆ ಮುಟ್ಟಿಸಿಕೊಂಡರು. ನುಂಗಲಾಗಲಿಲ್ಲ. ಕಣ್ಣು ಬಿಟ್ಟು — "ಉಪ್ಪು ಸರಿಯಾಗಿ ಅದ ಕನ, ಮಂಗಳಾ. ಮಕ್ಕಳ್ಗ ಬಡ್ಸು."

ಆ ಗಂಜಿಗೆ ಮಂಗಳಮ್ಮ ಅಳುತ್ತಾ ಉಪ್ಪು ಹಾಕುವುದನ್ನೇ ಮರೆತಿದ್ದರು.

ಇನ್ನು ನನ್ನಿಂದ ಆಗುವುದಿಲ್ಲ... ಇವತ್ತು ಯಾರೂ ಹಸಿದು ಹೋಗಬೇಡಿ, ಒಳಗೆ ಅಡುಗೆ ಆಗಿದೆ. ಅದಕ್ಕೆ ಮುಂಚೆ — ಮಕ್ಕಳೇ, ನೀವೂ — ಎಲ್ಲರೂ ಎದ್ದು ನಿಲ್ಲಿ. ನಮ್ಮ ಚನ್ನಾಜಮ್ಮನವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ.