ಮೂರನೆಯ ಕೂಗು

ಅಧ್ಯಕ್ಷರಾದ ಶಂಕರಲಿಂಗಪ್ಪನವರೇ, ತುಮಕೂರಿನಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಶಿರಾ, ಪಾವಗಡ, ಕೊರಟಗೆರೆಗಳಿಂದ ಬಸ್ಸು ಬದಲಿಸಿ ಬಂದಿರುವ ವಕೀಲ ಮಿತ್ರರೇ, ಹಿತ್ತಲಿನಿಂದ ಸಾರಿನ ಘಮ ಬರುತ್ತಿದ್ದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ಈ ಸಂಜೆ ನನ್ನನ್ನು ಸನ್ಮಾನಕ್ಕೆಂದು ಅಧ್ಯಕ್ಷರು ಮೈಕಿನಲ್ಲಿ ಕರೆದರು. 'ಹಿರಿಯ ವಕೀಲರಾದ ಗಂಗಯ್ಯನವರು ವೇದಿಕೆಗೆ ಬರಬೇಕು.' ನಾನು ಏಳಲಿಲ್ಲ. ಮತ್ತೆ ಕರೆದರು. ಏಳಲಿಲ್ಲ. ಮೂರನೆಯ ಸಲಕ್ಕೆ ಎದ್ದೆ. ಹಿಂದಿನ ಸಾಲಿನಲ್ಲಿ ಯಾರೋ, 'ಯಜಮಾನ್ರಿಗೆ ಕಿವಿ ಹೋಗೈತೆ ಕಣ್ಲಾ' ಎಂದರು. ಆ ಮಾತು ನನಗೆ ಚೆನ್ನಾಗಿಯೇ ಕೇಳಿಸಿತು. ಆಮೇಲೆ, ಊರಿಗೆ ಹೊಸಬರಾದ ಅಧ್ಯಕ್ಷರು ನನ್ನ ಹೆಂಡತಿಯನ್ನೂ ಕರೆದರು. 'ಶ್ರೀಮತಿ ಬಸವಮ್ಮನವರೂ ಬರಬೇಕು' ಎಂದು ಎರಡು ಸಲ ಕರೆದರು. ನಾನು ಕೈಯೆತ್ತಿ ತಡೆದೆ. ಅವಳು ತವರಿನಲ್ಲಿದ್ದಾಳೆ ಎಂದೆ. ಇರಲಿ.

ವಿಚ್ಛೇದನದ ಪ್ರಕರಣಗಳಲ್ಲಿ ಪಾಲಿಸಬೇಕಾದ ನಿಯಮಗಳನ್ನು ಕಿರಿಯರಿಗೆ ನಾಲ್ಕು ಮಾತಿನಲ್ಲಿ ತಿಳಿಸಿ ಎಂದು ನನಗೆ ಅಪ್ಪಣೆಯಾಗಿದೆ. ನಿಯಮವನ್ನು ನಿಯಮವಾಗಿ ಹೇಳಿದರೆ ಯಾರು ಕೇಳುತ್ತಾರೆ? ಕಥೆಯಾಗಿ ಹೇಳುತ್ತೇನೆ. ನಾನು ಮೂರನೆಯ ಕೂಗಿಗೇ ಏಳುವುದು ಏಕೆ ಎಂಬುದೂ ಅದರಲ್ಲೇ ಇದೆ.

ಎಪ್ಪತ್ತೊಂಬತ್ತನೆಯ ಇಸವಿ. ಶಿರಾ ಕಡೆಯ ಒಂದು ಹಟ್ಟಿಯಿಂದ ಜುಂಜಮ್ಮ ಎಂಬ ಹೆಣ್ಣುಮಗಳು ನನ್ನ ಕಚೇರಿಗೆ ಬಂದಳು. ಅವಳ ಗಂಡ ಎಂಟು ವರ್ಷಗಳ ಹಿಂದೆ ಕುರಿ ಮೇಯಿಸಲು ಪಾವಗಡ ದಾಟಿ ಆಂಧ್ರದ ಕಡೆ ಹೋಗಿದ್ದ. ಕುರಿಗಳು ವಾಪಸು ಬಂದವು. ಗಂಟೆ ಕಟ್ಟಿದ ಟಗರು ಮುಂದೆ, ಮರಿಗಳು ಹಿಂದೆ, ಯಾರೋ ಹೊಡೆದುಕೊಂಡು ಬಂದಂತೆ ಸಾಲಾಗಿ ಬಂದು ರೊಪ್ಪ ಸೇರಿದವು. ಹಿಂದೆ ಯಾರೂ ಇರಲಿಲ್ಲ.

ಈಗ ಬೋರಣ್ಣ ಎಂಬುವನು ಅವಳನ್ನು ಕೂಡಿಕೆ ಮಾಡಿಕೊಳ್ಳಲು, ಅಂದರೆ ಮರುಮದುವೆಯಾಗಲು, ಸಿದ್ಧನಿದ್ದ. ಆದರೆ ಆ ಹಟ್ಟಿಯ ಕಟ್ಟಳೆಯಲ್ಲಿ, ಹೆಂಡತಿಗೆ ಬಿಡುಗಡೆ ಸಿಗಬೇಕಾದರೆ ಗಂಡನಾದವನು ಹಿರಿಯರ ಮುಂದೆ ನಿಂತು ಕೈಯಾರೆ ಕಡ್ಡಿ ಮುರಿಯಬೇಕು. ಗಂಡನೇ ಇಲ್ಲ, ಮುರಿಯುವವರು ಯಾರು? ಹಿರಿಯರು ಯೋಚಿಸಿ, 'ಕೋರ್ಟ್ನೋರು ಮುರುದ್ರೆ ನಾವೂ ಒಪ್ಕಂತೀವಿ, ಹೋಗವ್ವ' ಎಂದಿದ್ದರು.

ಅರ್ಜಿ ಬರೆಯಲು ಗಂಡನ ಹೆಸರು ಕೇಳಿದೆ. ಸೆರಗು ಬಾಯಿಗೆ ಹಿಡಿದಳು.

'ನಾನ್ ಅಂಗೆಲ್ಲ ಹೇಳಾಕಿಲ್ಲ ಸ್ವಾಮಿ. ನಮ್ ಕ್ಯಾತೇದ್ಯಾವ್ರ ಹೆಸ್ರು. ನೀವೇ ಬರ್ಕಳಿ.'

ಕ್ಯಾತಣ್ಣ ಎಂದು ಬರೆದುಕೊಂಡೆ.

ಕಿರಿಯ ಮಿತ್ರರೇ, ಗಮನಿಸಿ. ಎದುರುದಾರ ಎಲ್ಲಿದ್ದಾನೆಂದು ತಿಳಿಯದಿದ್ದರೂ ಅವನಿಗೆ ತಿಳಿಸದೆ ನ್ಯಾಯಾಲಯ ಹೆಜ್ಜೆ ಇಡುವುದಿಲ್ಲ. ಮೊದಲು ಕೋರ್ಟಿನ ಅಮೀನರು ನೋಟಿಸು ಹಿಡಿದು ಹೋಗಬೇಕು. ಆಳು ಸಿಗದಿದ್ದರೆ ಅವನ ಮನೆಯ ಬಾಗಿಲಿಗೆ ಅಂಟಿಸಬೇಕು. ಆ ಗುಡಿಸಲಿಗೆ ಬಾಗಿಲೇ ಇರಲಿಲ್ಲ. ನಮ್ಮ ಅಮೀನರು ತಡಿಕೆಗೆ ಮೈದಾ ಅಂಟು ಬಳಿದು ಹಚ್ಚಿದರು. ಅವರು ಬೆನ್ನು ತಿರುಗಿಸುವುದರೊಳಗೆ ಮೇಕೆಯೊಂದು ಅದನ್ನು ಮೊಹರು ಸಮೇತ ತಿಂದು ಮುಗಿಸಿತು. ಹಾಗಾದರೆ ನೋಟಿಸು ಜಾರಿಯಾದದ್ದು ಯಾರಿಗೆ? ಕೊನೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದೆವು. ಅದಾದ ಮೇಲೆ ಗೊತ್ತಾದ ದಿನ ಎದುರುದಾರನ ಹೆಸರನ್ನು ಬಾಗಿಲಲ್ಲಿ ಮೂರು ಸಲ ಕೂಗಿಸುತ್ತಾರೆ. ಬಾರದಿದ್ದರೆ ಗೈರುಹಾಜರು ಎಂದು ಬರೆದು, ಅರ್ಜಿದಾರರ ಮಾತನ್ನಷ್ಟೇ ಕೇಳಿ ತೀರ್ಪು ಕೊಡುತ್ತಾರೆ.

ಆಗ ಕೂಗುತ್ತಿದ್ದವರು ದಫೇದಾರ್ ನಾಗಲಿಂಗಯ್ಯ. ಅವರು ಕೂಗಿದರೆ ಮಧುಗಿರಿಯ ಬೆಟ್ಟಕ್ಕೆ ಬಡಿದು ಬರುತ್ತಿತ್ತು. ನಾವೀಗ ಕುಳಿತಿರುವ ಇದೇ ಹಾಲು ಅಂದು ಕೋರ್ಟು. ಕೂಗಿದ್ದು ನಿಮ್ಮ ಎಡಗಡೆಯ ಆ ಜಗಲಿಯಲ್ಲಿ. ನಡುಮಧ್ಯಾಹ್ನ.

'ಕ್ಯಾತಣ್ಣಾ.' ಸದ್ದಿಲ್ಲ. 'ಕ್ಯಾತಣ್ಣಾ.' ಸದ್ದಿಲ್ಲ. 'ಕ್ಯಾತಣ್ಣಾ.'

'ಓ' ಎಂದಿತು ಜಗಲಿ.

ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಬಂದವರು ನಾಗಲಿಂಗಯ್ಯ ಒಬ್ಬರೇ. ಅವರ ಪೇಟ ಕೈಯಲ್ಲಿತ್ತು. 'ಯಾರೂ ಇಲ್ಲ ಮಹಾಸ್ವಾಮಿ' ಎಂದರು. ನ್ಯಾಯಾಧೀಶರು ಹೊರ ಊರಿನವರು, ಸಮಾಧಾನಿ. 'ಬೆಟ್ಟದ ಮಾರ್ದನಿ ಇರಬೇಕು' ಎಂದರು. ಮಾರ್ದನಿ ಕೂಗಿದ ಹೆಸರನ್ನೇ ತಿರುಗಿ ಹೇಳುತ್ತದೆಯೇ ಹೊರತು ಓಗೊಡುತ್ತದೆಯೇ? ಹಾಗೆಂದು ಯಾರೂ ಕೇಳಲಿಲ್ಲ. ಹಾಜರು ಎಂದು ಬರೆಯಲು ಆಳಿಲ್ಲ, ಗೈರು ಎಂದು ಬರೆಯಲು ಅವರ ಕಿವಿಯೇ ಒಪ್ಪುತ್ತಿಲ್ಲ. ಮುಂದಕ್ಕೆ ಹಾಕಿದರು.

ಮುಂದಿನ ತಾರೀಖಿಗೂ ಹಾಗೆಯೇ ಆಯಿತು. ಎರಡು ಕೂಗಿಗೆ ಮೌನ, ಮೂರನೆಯದಕ್ಕೆ 'ಓ'. ಈ ಸಲ ಇನ್ನಷ್ಟು ಹತ್ತಿರದಿಂದ. ಹುಣಸೆಮರದ ಕೆಳಗೆ ಬೋರಣ್ಣ ಜುಂಜಮ್ಮನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

'ಇನ್ನೊಂದ್ ಕಿತ ಅವ್ನು ಓ ಅಂದ್ರೆ ನಾ ನಿನ್ ಕೈ ಹಿಡಿಯಾಕಿಲ್ಲ ಕಣಮ್ಮಿ. ನಾನೂ ಬಾಳ್ಬೇಕು.'

ಅವಳು ಅಳಲಿಲ್ಲ. ನೆಟ್ಟಗೆ ನನ್ನ ಬಳಿ ಬಂದಳು.

'ಸ್ವಾಮಿ, ಅದು ಅವ್ರದೇ ದನಿ. ರೊಪ್ಪದಿಂದ ಅಂಗೇ ಓಗೊಡೋರು.'

'ಅದಕ್ಕೇನು ಮಾಡೋಣವ್ವ?'

'ಒಂದೇ ಕಿತ ಕೂಗ್ಸಿ. ನಮ್ ಹಟ್ಟೀಲಿ ಒಂದ್ ಕೂಗಿಗೆ ಯಾರೂ ಓಗೊಡಾಕಿಲ್ಲ. ಒಂದ್ ಕೂಗು, ಎರಡ್ ಕೂಗು ಗಾಳೀದು. ಮೂರ್ ಕಿತ ಕೂಗಿದ್ರೆ ಮನುಸ್ರು ಅಂತ ಲೆಕ್ಕ. ಅವ್ರಿಗೆ ಅದಿನ್ನೂ ನೆಪ್ಪೈತೆ ಸ್ವಾಮಿ.'

ನನ್ನ ಅಜ್ಜಿಯೂ ಇದನ್ನೇ ಹೇಳಿ ಬೆಳೆಸಿದ್ದಳು. ಬದುಕಿರುವ ನಾವು ಗಾಳಿಗೆ, ಅಂದರೆ ದೆವ್ವಕ್ಕೆ, ಹೆದರಿ ಮೂರನೆಯ ಕೂಗಿಗೆ ಕಾಯುತ್ತೇವೆ. ತಾನೇ ಗಾಳಿಯಾಗಿರುವುದು ಗೊತ್ತಿಲ್ಲದವನೂ ಹಾಗೆಯೇ ಕಾಯುತ್ತಾನಲ್ಲವೇ?

ನ್ಯಾಯಾಧೀಶರ ಮುಂದೆ ಏನೆಂದು ಕೇಳಲಿ? ಒಂದೇ ಸಲ ಕೂಗಿಸಬೇಕೆಂದು ಬಿನ್ನವಿಸಿಕೊಂಡೆ. ಅವರು ಕಾರಣ ಕೇಳಲಿಲ್ಲ. ಸಂಹಿತೆ ತರಿಸಿ ಬಹಳ ಹೊತ್ತು ಓದಿದರು. 'ಪ್ರಕರಣವನ್ನು ಕರೆಯಬೇಕು ಎಂದಿದೆ. ಎಷ್ಟು ಸಲ ಎಂದಿಲ್ಲ. ಮೂರು ಎನ್ನುವುದು ನಮ್ಮ ರೂಢಿ' ಎಂದರು. ಕಿರಿಯರೇ, ಇದು ನಿಮಗೆ ನನ್ನ ಪಾಠ. ಯಾವುದು ನಿಯಮ, ಯಾವುದು ರೂಢಿ ಎಂದು ತಿಳಿದುಕೊಳ್ಳಿ. ಒಬ್ಬಳ ಬಾಳು ಆ ಸಂದಿನಲ್ಲಿರುತ್ತದೆ.

ನಾಗಲಿಂಗಯ್ಯ ಜಗಲಿಗೆ ಹೋದರು. 'ಕ್ಯಾತಣ್ಣಾ.' ಒಂದೇ ಸಲ. ಸದ್ದಿಲ್ಲ. ಫ್ಯಾನು ನಿಲ್ಲಿಸಿದ್ದರು. ಹೊರಗೆ ಯಾರೋ ಕೋಲು ಊರಿ ನಿಂತವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಂತೆ ಕಲ್ಲಿನ ಮೇಲೆ ಚಪ್ಪಲಿ ಸರಿದ ಸದ್ದಾಯಿತು. ಅಷ್ಟೇ. ನ್ಯಾಯಾಧೀಶರು ತಲೆ ಎತ್ತದೆ 'ಗೈರುಹಾಜರು' ಎಂದು ಬರೆದರು. ಮುಂದೆ ಜುಂಜಮ್ಮನ ಹೇಳಿಕೆಯಾಯಿತು, ತೀರ್ಪಾಯಿತು, ಕೂಡಿಕೆಯೂ ಆಯಿತು. ಆ ದಿನ ಅವಳು ಜಗಲಿಯ ಕಡೆಯಿಂದ ಹೋಗಲಿಲ್ಲ. ಹಿಂಬಾಗಿಲಿನಿಂದ ಇಳಿಯುತ್ತಾ, 'ಉಳ್ದೆರಡನ್ನ ಯಾರೂ ಕೂಗ್ಬ್ಯಾಡಿ ಸ್ವಾಮಿ. ಅವ್ರು ಕಾಯ್ತಾವ್ರೆ' ಎಂದಳು.

ನಾನು ನಕ್ಕೆ. ಎಂಬತ್ತನೆಯ ಇಸವಿಯವರೆಗೆ ನಗುತ್ತಿದ್ದೆ.

ಆ ವರ್ಷ ಕಾರ್ತಿಕದಲ್ಲಿ ಬಸವಮ್ಮ ಸಿದ್ದರಬೆಟ್ಟಕ್ಕೆ ಹೋದಳು. ಹೋಗುವ ಮುನ್ನ ನಮ್ಮಿಬ್ಬರಿಗೂ ನಾಲ್ಕು ಮಾತಾಗಿತ್ತು. ಯಾವ ಮನೆಯಲ್ಲಿ ಆಗುವುದಿಲ್ಲ? ಬೆಟ್ಟ ಹತ್ತಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ತವರಿಗೂ ಹೋಗಿಲ್ಲ. ಅಧ್ಯಕ್ಷರೇ, ನಿಮಗೆ ಹೇಳಿದ್ದು ಸುಳ್ಳು. ಹುಡುಕುತ್ತಾ ಹೋಗಿ ಬಂಡೆಯ ಮೇಲೆ ನಿಂತು ಎರಡು ಸಲ ಕೂಗಿದೆ. ಮೂರನೆಯದು ಬಾಯಿಂದ ಬರಲಿಲ್ಲ. ಓಗೊಟ್ಟು ಎದುರಿಗೆ ಬಾರದಿದ್ದರೆ ಅವಳು ಏನಾಗಿದ್ದಾಳೆಂದು ನನಗೆ ತಿಳಿದುಬಿಡುತ್ತಿತ್ತು. ಓಗೊಡದಿದ್ದರೆ, ಎಲ್ಲೋ ಬದುಕಿದ್ದಾಳೆ, ನನಗೆ ಮಾತ್ರ ಬೇಡವಾಗಿದ್ದಾಳೆ ಎಂದಾಗುತ್ತಿತ್ತು. ಈ ವರ್ಷಕ್ಕೆ ಏಳು ವರ್ಷ ತುಂಬುತ್ತದೆ; ಅಷ್ಟು ಕಾಲ ಸುಳಿವಿಲ್ಲದವರನ್ನು ಕಾನೂನು ಸತ್ತವರೆಂದೇ ಎಣಿಸುತ್ತದೆ. ಬಿಡುಗಡೆಗೆ ಅರ್ಜಿ ಹಾಕಿ ಎನ್ನುತ್ತಾರೆ ವಿಷಯ ಬಲ್ಲ ಒಂದಿಬ್ಬರು ಮಿತ್ರರು. ಹಾಕಿದರೆ ಬಾಗಿಲಲ್ಲಿ ಕೂಗಿಸುವುದಿಲ್ಲವೇ?

ಹೊತ್ತಾಯಿತು. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಕೃತಜ್ಞ. ವಂದನಾರ್ಪಣೆ ಮಾಡಲಿರುವವರಲ್ಲಿ ಒಂದೇ ಬಿನ್ನಹ. ನನ್ನನ್ನು ಎಷ್ಟು ಸಲ ಬೇಕಾದರೂ ಕರೆಯಿರಿ. ಅವಳ ಹೆಸರನ್ನು ಮಾತ್ರ ಆ ಮೈಕಿನಲ್ಲಿ ಕರೆಯಬೇಡಿ. ಇವತ್ತು ಆಗಲೇ ಎರಡು ಸಲ ಆಗಿದೆ, ಜಗಲಿಯ ಬಾಗಿಲು ತೆರೆದೇ ಇದೆ.

ಎಲ್ಲರಿಗೂ ನಮಸ್ಕಾರ.