ಬಲಕ್ಕೆ ಹತ್ತಿರ

ಶಿಗ್ಗಾಂವದ ಎಲುಬಿನ ದವಾಖಾನೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದ ಫರ್ಜಾನಾಳ ಎದುರಿಗೆ ಇಬ್ಬರು ಕುಳಿತಿದ್ದರು. ಮುದುಕ ದ್ಯಾಮಪ್ಪನ ಕಾಲಿಗೆ, ತರುಣ ಮುನಾಫನ ಕೈಗೆ ಪ್ಲಾಸ್ಟರ್ ಹಾಕಿತ್ತು.

“ಎಲ್ಲಿ ಬಿದ್ರಿ ಕಾಕಾ?” ಎಂದ ಮುನಾಫ.

“ಗೋಡೌನ್ ಕ್ರಾಸಿನ್ಯಾಗ. ಹೊಸಾ ಸರ್ಕಲ್ ಕಟ್ಯಾರಲ್ಲ, ಅಲ್ಲಿ.”

“ನಾನೂ ಅಲ್ಲೇ. ಸರ್ಕಲ್ ಇಲ್ಲದಾಗ ಎಲ್ಲಾರೂ ಅಂಜಿ ಸಾವಕಾಶ ಹೋಗ್ತಿದ್ರು.”

“ಈಗ ಇಂಜಿನಿಯರ ಎಲ್ಲಾ ನೋಡ್ಯಾನಂತ ಧೈರ್ಯ ಬಂದೈತಿ.”

“ಎಡಕ್ಕ ಸುತ್ತಿ ಹೋದ್ರ ಏನೂ ಆಗಂಗಿಲ್ರಿ. ಯಾವನೋ ಬಲಕ್ಕ ಬಂದು ಗುದ್ದಿದ. ಮಾರಿ ನೋಡೂದ್ರಾಗ ನನಗ ಎಚ್ಚರ ತಪ್ಪಿತ್ತು.”

“ಬಲಕ್ಕ ಹತ್ರ ಆಕ್ಕೈತಲ್ಲಪಾ. ನಾನು ದಿನಾ ಹಂಗ ಹೋಗ್ತೇನಿ.”

ಮುನಾಫ ಮುದುಕನ ಕಡೆ ಬಾಗಿದ. “ಗಾಡಿ ಹಿಂದ ಗೋವಿನಜೋಳದ ಚೀಲಾ ಇತ್ತೇನ್ರಿ?”

“ಇತ್ತು. ನಿನಗ ಹ್ಯಾಂಗ ಗೊತ್ತು?”

ಅಷ್ಟರಲ್ಲಿ ಕಂಪೌಂಡರ್ ದ್ಯಾಮಪ್ಪನನ್ನು ಕೂಗಿದ. ಫರ್ಜಾನಾ ಜಗಳ ನಿರೀಕ್ಷಿಸಿ ಕುಳಿತಳು. ಮುನಾಫ ಎದ್ದು, ಪ್ಲಾಸ್ಟರ್ ಇಲ್ಲದ ಕೈಯಿಂದ ಮುದುಕನನ್ನು ಮೆಲ್ಲಗೆ ಎಬ್ಬಿಸಿದ.

“ಮೊದಲ ಕಾಲು ತೋರಿಸ್ಕೊಂಡು ಬರ್ರಿ. ಆಮ್ಯಾಲೆ ಹೇಳ್ತೇನಿ.”